ಮಂಡಿನೋವೂ ಕ್ಯಾಸನೂರಿನ ಪಾಠವೂ

ಮಂಡಿಯ ಸವೆತಕ್ಕೆ ರೋಗಿಯ ಹೊಟ್ಟೆಯ ಕೊಬ್ಬಿನಲ್ಲೇ ಮದ್ದುಂಟೆಂಬ ಮಾತು ಕೆಲವು ವರ್ಷಗಳಿಂದ ನಮ್ಮ ನಗರಗಳಲ್ಲಿ ಹಬ್ಬಿದೆ. ಮಾತಿಗೆ ಬುಡವಿಲ್ಲದೆ ಇಲ್ಲ. ಹೀರಿ ತೆಗೆದು ಬಿಸಾಡುವ ಕೊಬ್ಬಿನಲ್ಲಿ, ಎಲುಬಾಗಿಯೂ ಮೃದ್ವಸ್ಥಿಯಾಗಿಯೂ ಮಾರ್ಪಡಬಲ್ಲ ಜೀವಕೋಶಗಳಿವೆಯೆಂದು ಅಮೆರಿಕದ ಪೆಟ್ರೀಷಿಯಾ ಝುಕ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಕೊಬ್ಬನ್ನು ಕಿಣ್ವದಿಂದ ಬಿಡಿಸಿ ಯಂತ್ರದಲ್ಲಿ ವೇಗವಾಗಿ ತಿರುಗಿಸಿದರೆ ಆ ಕೋಶಗಳು ತಳದಲ್ಲಿ ಕೂಡುತ್ತವೆ. ಅವನ್ನು ಕೀಲಿಗೆ ಚುಚ್ಚಿದರೆ ಸವೆದದ್ದು ಮತ್ತೆ ಬೆಳೆದೀತೆಂಬುದು ಆಸೆ. 2014ರಲ್ಲಿ ಕೊರಿಯದ ವೈದ್ಯರು 18 ರೋಗಿಗಳ ವರದಿ ಪ್ರಕಟಿಸಿದರು. ಹೆಚ್ಚಿನ ಪ್ರಮಾಣ ಪಡೆದವರ ನೋವು ಇಳಿದಿತ್ತು. ಆದರೆ ಹೋಲಿಸಿ ನೋಡಲು ಬೇರೆ ಮದ್ದಿನ ಗುಂಪು ಇರಲಿಲ್ಲ.

ಸೂಜಿಮದ್ದನ್ನು ಎಣಿಕೆಯಿಂದ ಅಳೆಯುವ ಕೆಲಸ ನಮ್ಮ ಮಲೆನಾಡಿಗೆ ಹೊಸತಲ್ಲ. 1957ರಲ್ಲಿ ಸೊರಬದ ಕಡೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಉಣುಗಿನಿಂದ ಹರಡುವ ಆ ಜ್ವರ ಊರಿನ ಹೆಸರನ್ನೇ ಹೊತ್ತು ಲೋಕದ ವೈದ್ಯಗ್ರಂಥಗಳನ್ನು ಸೇರಿತು. ಮುಂದೆ ಲಸಿಕೆ ಬಂತು. 1990ರಿಂದ 1992ರವರೆಗಿನ ಲೆಕ್ಕದಲ್ಲಿ ಎರಡು ಸೂಜಿ ಪಡೆದವರಿಗೆ ನೂರಕ್ಕೆ 93ಕ್ಕೂ ಮಿಕ್ಕಿ ರಕ್ಷಣೆ ಕಂಡಿತು. 2005ರಿಂದ 2010ರ ಲೆಕ್ಕದಲ್ಲಿ ಅದು 62ಕ್ಕೆ ಇಳಿಯಿತು. 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಲಾಯಿತು. ಎಣಿಸದೆ ಇದ್ದಿದ್ದರೆ ಜನ ಬರಿಯ ಭರವಸೆಯನ್ನೇ ಚುಚ್ಚಿಸಿಕೊಳ್ಳುತ್ತಿದ್ದರು.

ಅದೇ 2022ರಲ್ಲಿ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ ಮಂಡಿಸೂಜಿಗೆ ಕೇಂದ್ರದ ಔಷಧ ನಿಯಂತ್ರಕರ ಒಪ್ಪಿಗೆ ದೊರೆಯಿತು. ಅದು ಕೊಬ್ಬಿನದಲ್ಲ, ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶ, 146 ರೋಗಿಗಳಲ್ಲಿ ಪರೀಕ್ಷಿಸಿದ್ದು. ಎರಡಕ್ಕೂ 'ಸ್ಟೆಮ್ ಸೆಲ್' ಎಂಬ ಒಂದೇ ಹೆಸರಿರುವುದರಿಂದ, ಒಂದರ ಒಪ್ಪಿಗೆ ಇನ್ನೊಂದಕ್ಕೂ ಸಂದಿತೆಂದು ರೋಗಿ ತಿಳಿಯುವ ಅಪಾಯವುಂಟು. ಒಪ್ಪಿಗೆಯಿಲ್ಲದ ಇಂಥ ಚಿಕಿತ್ಸೆ ಪರೀಕ್ಷೆಯ ಚೌಕಟ್ಟಿನ ಹೊರಗೆ ಸಲ್ಲದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಸೂತ್ರಗಳು ಹೇಳುತ್ತವೆ.

2023ರಲ್ಲಿ ಅಮೆರಿಕದಿಂದ ದೊಡ್ಡ ಲೆಕ್ಕವೊಂದು ಬಂತು. ಸುಮಾರು 475 ಮಂದಿಯಲ್ಲಿ ಕೊಬ್ಬಿನ ಕೋಶ, ರೋಗಿಯದೇ ಮಜ್ಜೆಯ ಕೋಶ, ಹೊಕ್ಕುಳಬಳ್ಳಿಯ ಕೋಶ, ಈ ಮೂರನ್ನೂ ಹಳೆಯ ಸ್ಟೀರಾಯ್ಡ್ ಸೂಜಿಯೊಡನೆ ಹೋಲಿಸಿದರು. ವರ್ಷ ಕಳೆದ ಮೇಲೆ ನೋವಿನ ಇಳಿತದಲ್ಲಿ ಯಾವುದೂ ಅದನ್ನು ಮೀರಲಿಲ್ಲ.

ನೋವು ಸುಳ್ಳಲ್ಲ, ಮೆಟ್ಟಿಲು ಹತ್ತಲಾರದ ಹಿರಿಯರ ಆತುರವೂ ಸಹಜವೇ. ಆದರೆ ಉಳಿತಾಯದ ಹಣ ಎಣಿಸುವ ಮೊದಲು ಎರಡು ಪ್ರಶ್ನೆ ಕೇಳುವುದು ಲೇಸು: ಇದು ಯಾವ ಕೋಶ? ಯಾವ ಮದ್ದಿನೊಡನೆ ಹೋಲಿಸಿ ನೋಡಿದ್ದೀರಿ?