ಗೋದಾಮಿನ ಪಡಸಾಲೆಯ ಕಸೂತಿ ಪಂಥ



ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದು ಕೊಡ್ರಿ ಎಂದು ಹಿರಿಯರು ಅಪ್ಪಣೆ ಮಾಡಿದರು. ನಾವು ಎಸ್ಸೆಸ್ಸೆಲ್ಸಿ ಓದಿ ಒಕ್ಕಲುತನಕ್ಕೆ ಬಿದ್ದವರು, ದೊಡ್ಡ ಸಾಹಿತಿಗಳಲ್ಲ. ಬೀಜ, ಗೊಬ್ಬರ, ಸಾಲ, ವಸೂಲಿ ಬಗ್ಗೆ ಬಲ್ಲವರು ಬರೆದಿದ್ದಾರೆ. ನಾವು ಗೋದಾಮಿನ ಪಡಸಾಲೆಯಲ್ಲಿ ಕೂತು ಹೊಲಿಯುವ ಹೆಣ್ಣುಮಕ್ಕಳ ಕಸೂತಿ ಬಗ್ಗೆ ಬರೀತೇವೆ. ಇದು ಸಂಘದ ಇತಿಹಾಸ ಹೆಂಗಾಗತೈತಿ ಎಂದು ಕೇಳುವವರು ದಯಮಾಡಿ ಕಡೀತನಕ ಓದಬೇಕು.

ಕಸೂತಿ ನಮ್ಮ ಧಾರವಾಡ ಸೀಮೆಯ ಹಳೇ ವಿದ್ಯೆ. ಕೈ ಮತ್ತು ಸೂತಿ, ಅಂದರೆ ಕೈಯಿಂದ ಮಾಡುವ ನೂಲಿನ ಕೆಲಸ, ಎಂಬುದರಿಂದ ಆ ಹೆಸರು ಬಂತು ಅಂತಾರೆ. ಇಳಕಲ್ ಸೀರೆಯ ಸೆರಗಿನ ಮೇಲೆ, ಖಣದ ಕುಬಸದ ಮೇಲೆ, ಮಕ್ಕಳ ಕುಂಚಿಗೆಯ ಮೇಲೆ ನಮ್ಮ ಅಜ್ಜಿಯರು ಇದನ್ನು ಹಾಕುತ್ತಿದ್ದರು. ಮದುವೆ ಹೊತ್ತಿಗೆ ಕರಿ ಚಂದ್ರಕಾಳಿ ಸೀರೆಗೆ ಕಸೂತಿ ಬೇಕೇ ಬೇಕಿತ್ತು. ಗೋಪುರ, ತೇರು, ಆನೆ, ನವಿಲು, ತುಳಸಿ ಕಟ್ಟೆ, ತೊಟ್ಟಿಲು, ಹೀಗೆ ಕಣ್ಣಿಗೆ ಕಂಡದ್ದೆಲ್ಲ ಸೀರೆ ಮೇಲೆ ಬರುತ್ತಿತ್ತು.

ಇದಕ್ಕೆ ಪೆನ್ಸಿಲ್ ಗೆರೆ ಇಲ್ಲ, ಅಚ್ಚು ಇಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಹೊಲಿಗೆ ನಾಲ್ಕು ತರಹ: ಗವಂತಿ, ಮುರಗಿ, ನೇಯ್ಗೆ, ಮೆಂತೆ. ಗವಂತಿಯಲ್ಲಿ ಸೂಜಿ ಒಂದು ಬಿಟ್ಟು ಒಂದು ಹಾಕುತ್ತಾ ಹೋಗುತ್ತದೆ, ಬಿಟ್ಟದ್ದನ್ನು ತಿರುಗಿ ಬರುವಾಗ ತುಂಬುತ್ತದೆ. ಮುರಗಿಯೂ ಹಾಗೆಯೇ, ಆದರೆ ಮೆಟ್ಟಿಲಿನಂತೆ ಏರಿ ಇಳಿಯುತ್ತದೆ. ಈ ಎರಡೂ ಹೊಲಿಗೆ ಬಟ್ಟೆಯ ಹಿಂದೆ ಮುಂದೆ ಒಂದೇ ಸಮನೆ ಕಾಣಬೇಕು. ನೇಯ್ಗೆ ಮಗ್ಗದಲ್ಲೇ ನೇಯ್ದಂತೆ ಕಾಣುತ್ತದೆ. ಮೆಂತೆ ಅಡ್ಡ ಹೊಲಿಗೆ, ಮೆಂತೆ ಕಾಳಿನ ಹಾಗೆ ಒತ್ತೊತ್ತಾಗಿ ತುಂಬುತ್ತದೆ. ಗಂಟು ಮಾತ್ರ ಎಲ್ಲಿಯೂ ಹಾಕುವಂತಿಲ್ಲ.

2000-01ರಲ್ಲಿ ಸರಕಾರದ ಸ್ತ್ರೀಶಕ್ತಿ ಯೋಜನೆ ಬಂದಾಗ ನಮ್ಮೂರಲ್ಲೂ ಹೆಣ್ಣುಮಕ್ಕಳು ವಾರಕ್ಕಿಷ್ಟು ಅಂತ ಉಳಿತಾಯ ಶುರು ಮಾಡಿದರು. ದುಡ್ಡು ಕೊಡಲು ಕೂಡಿದವರು ಹೊಲಿಗೆಗೂ ಕೂಡಿದರು. ಒಂದು ದಿನ ಒಬ್ಬ ಹುಡುಗಿ ಚಂದನೆಯ ಗೋಪುರ ಮಾಡಿ ತಂದಳು. ಎಲ್ಲರೂ ಭೇಷ್ ಅಂದರು. ಹಿರಿಯಳೊಬ್ಬಳು ಮಾತ್ರ, "ಹಿಂದ ಏನೈತಿ ತೋರಸ" ಅಂದಳು. ತಿರುವಿದರೆ ಬರೀ ಗಂಟು! ಅವತ್ತಿನಿಂದ ಪಂಥ ಶುರುವಾಯಿತು. ಅಮಾವಾಸ್ಯೆ ದಿನ ಎತ್ತು ಹೂಡೂದಿಲ್ಲ, ಹೆಣ್ಣುಮಕ್ಕಳಿಗೂ ಹೊಲದ ಕೆಲಸಕ್ಕೆ ಬಿಡುವು. ಅಮಾವಾಸ್ಯೆಗೆ ಒಂದು ಪಂಥ ಅಂತ ನಿಯಮವಾಯಿತು.

ಮೊದಲ ಪಂಥ, ಗಂಟಿಲ್ಲದ ಗವಂತಿ. ಗೆರೆ ಕವಲೊಡೆಯುವ ಕಡೆ ಕವಲಿನ ತುದಿ ಮುಟ್ಟಿ ತಿರುಗಿ ಬರುವ ದಾರಿ ಮೊದಲೇ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಸೂಜಿ ನಡುದಾರಿಯಲ್ಲಿ ಸಿಕ್ಕಿಬೀಳುತ್ತದೆ. ಎರಡನೆಯದು, ಎರಡೇ ಬಣ್ಣದಲ್ಲಿ ತೇರು. ಮೂರನೆಯದು, ಅಜ್ಜಿಯರು ಮಾಡದೇ ಇದ್ದದ್ದು, ಈಗಿನ ಊರಲ್ಲಿ ಇರೋದು. ಒಬ್ಬಾಕೆ ಟ್ರ್ಯಾಕ್ಟರ್ ಆರಿಸಿದಳು. ಕಸೂತಿಯಲ್ಲಿ ನೆಟ್ಟಗಿನ ಗೆರೆ, ಓರೆ ಗೆರೆ ಬಿಟ್ಟರೆ ಬಳುಕುವ ಗೆರೆ ಇಲ್ಲ. ಗಾಲಿ ಹೆಂಗ ಮಾಡೂದು? ನಾಲ್ಕು ಸಲ ಬಿಚ್ಚಿ, ಐದನೇ ಸಲ ಎಂಟು ಮೂಲೆ ಮಾಡಿ ಗಾಲಿ ತಿರುಗಿಸಿಯೇ ಬಿಟ್ಟಳು!

2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಿನ ಮಳೆ ಉತ್ತರ ಕರ್ನಾಟಕದವರು ಮರೆಯುವಂಥದ್ದಲ್ಲ. ನಮ್ಮೂರಲ್ಲಿ ಉಳ್ಳಾಗಡ್ಡಿ ನೆಲದಲ್ಲೇ ಕೊಳೆಯಿತು, ಹತ್ತಿ ಕರ್ರಗಾಯಿತು. ಆ ವರ್ಷ ಎಷ್ಟೋ ಮನೆಗಳ ದೀಪಾವಳಿ ಕಿರಾಣಿ ಬಂದದ್ದು ಕಸೂತಿ ದುಡ್ಡಿನಿಂದ. ನಮ್ಮ ಮನೆಯದೂ ಹೌದು. ನಮ್ಮ ಅವ್ವ ಆ ಗುಂಪಿನಲ್ಲಿದ್ದಳು.

2010ರ ಸರ್ವಸಾಧಾರಣ ಸಭೆಯಲ್ಲಿ ಆ ಹೆಣ್ಣುಮಕ್ಕಳು ಗೋದಾಮಿನ ಪಡಸಾಲೆ ಕೇಳಿದರು, ರೇಷ್ಮೆ ದಾರಕ್ಕೆ ಸ್ವಲ್ಪ ಮುಂಗಡ ಕೇಳಿದರು. ಅವರ ಹೆಸರಲ್ಲಿ ಹೊಲ ಇರಲಿಲ್ಲ. ಹೊಲ ಇಲ್ಲದ್ದಕ್ಕೆ ಸದಸ್ಯತ್ವ ಇರಲಿಲ್ಲ. ಸದಸ್ಯರಲ್ಲದವರಿಗೆ ಕೊಡೂದು ಹೆಂಗ ಎಂದು ಬೇಡ ಅಂದವರೇ ಹೆಚ್ಚಾದರು. ನಾವು ಆಗ ನಿರ್ದೇಶಕರಲ್ಲ, ಹೊಸ ಸದಸ್ಯರು. ಬೇಡ ಅಂದವರ ಜೊತೆ ನಾವೂ ಕೈ ಎತ್ತಿದೆವು. ಅವ್ವ ಬಾಗಿಲ ಹತ್ತಿರ ನಿಂತಿದ್ದಳು.

ಅವ್ವ ಮನೆಯಲ್ಲಿ ಒಂದು ಮಾತೂ ಆಡಲಿಲ್ಲ. ಮುಂದಿನ ವರ್ಷದ ಸಭೆಗೆ ಮುಂಚಿನ ಅಮಾವಾಸ್ಯೆಗೆ "ನಮ್ಮ ಸಂಘ" ಅಂತ ಪಂಥ ಇಟ್ಟರು. ಸಭೆ ದಿನ ಅಧ್ಯಕ್ಷರ ಮೇಜಿಗೆ ಒಂದು ಹೊದಿಕೆ ಹಾಸಿದರು. ಕರಿ ಬಟ್ಟೆ ಮೇಲೆ ಬಿಳಿ ಗವಂತಿಯಲ್ಲಿ ನಮ್ಮ ಗೋದಾಮು, ಬಾಗಿಲು, ಬಾಗಿಲಿಗೆ ಕೆಂಪು ದಾರದ ಕೀಲಿ. ಮುರಗಿಯಲ್ಲಿ ಮೆಟ್ಟಿಲು. ಅಧ್ಯಕ್ಷರು ಬಟ್ಟೆ ತಿರುವಿ ನೋಡಿದರು. ಆಗ ಅವ್ವ ಅಂದಳು: "ಒಳಗಿಂದ ನೋಡ್ರಿ, ಹೊರಗಿಂದ ನೋಡ್ರಿ, ಕೀಲಿನ ಐತಿ." ಸಭೆ ಸುಮ್ಮನಾಯಿತು. ಪಡಸಾಲೆ ಅವತ್ತೇ ಕೊಟ್ಟೆವು. ಮುಂಗಡಕ್ಕೆ ಮತ್ತೆ ಒಂದು ವರ್ಷ ಹಿಡಿಯಿತು. ಕೊಟ್ಟ ಮುಂಗಡ ಹೇಳಿದ ದಿನಕ್ಕೆ ತಿರುಗಿ ಬಂತು. ಬಿಟ್ಟದ್ದನ್ನು ತುಂಬಿಕೊಂಡು ಬರೋದು ಗವಂತಿಯವರಿಗೆ ಯಾರೂ ಕಲಿಸಬೇಕಿಲ್ಲ.

ಬಾಂಧವರೇ, 1905ರಲ್ಲಿ ನಮ್ಮ ಮಗ್ಗುಲ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಸಾವಕಾರರ ಬಾಗಿಲಿಗೆ ರೈತ ನಿಲ್ಲಬಾರದು ಅಂತ. ಅದೇ ಸಂಘದ ಬಾಗಿಲಿಗೆ ನಮ್ಮ ತಾಯಂದಿರನ್ನು ನಾವು ನಿಲ್ಲಿಸಿದ್ದೆವು. ಇದನ್ನು ಬರೆಯದೆ ಬೆಳ್ಳಿ ಹಬ್ಬದ ಇತಿಹಾಸ ಪೂರ್ತಿಯಾಗೂದಿಲ್ಲ.

ಕಸೂತಿಗೆ ಈಗ 1999ರ ಭೌಗೋಳಿಕ ಸೂಚಿ ಕಾಯ್ದೆಯ ಕೆಳಗೆ ನೋಂದಣಿ ಇದೆ. ಸಂಡೂರಿನ ಲಂಬಾಣಿ ಕಸೂತಿಗೂ ಇದೆ. 2023ರ ಜುಲೈಯಲ್ಲಿ ಹಂಪಿಯ ಜಿ-20 ಸಭೆ ಹೊತ್ತಿಗೆ ಸಂಡೂರು ಕುಶಲ ಕಲಾ ಕೇಂದ್ರದ ಲಂಬಾಣಿ ತಾಯಂದಿರು 1755 ವಸ್ತು ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಅವರದು ಕನ್ನಡಿ, ಕವಡೆಯ ಬೇರೆ ಶೈಲಿ, ಆದರೆ ಕೂಡಿ ಕೂತು ಹೊಲಿಯುವ ಬಲ ಒಂದೇ.

ತೊಂದರೆ ಇಲ್ಲ ಅಂತಲ್ಲ. ಮಶಿನ್ ಕೆಲಸ, ಅಚ್ಚಿನ ಸೀರೆ ಪೇಟೆ ತುಂಬ ಅಗ್ಗಕ್ಕೆ ಸಿಗುತ್ತವೆ; ಕೈಯಿಂದ ದಟ್ಟ ಕೆಲಸ ಮಾಡಿದರೆ ಒಂದು ಸೀರೆಗೆ ತಿಂಗಳುಗಟ್ಟಲೆ ಬೇಕು. ಹುಡುಗಿಯರು ಎಳೆ ಎದ್ದು ಕಾಣುವ ಮ್ಯಾಟಿ ಬಟ್ಟೆ ಮೇಲೆ ಕಲಿಯುತ್ತಾರೆ, ಇಳಕಲ್ಲಿನ ಸಣ್ಣ ಎಳೆಗೆ ಬಂದಾಗ ಸೋಲುತ್ತಾರೆ. ಅವ್ವನ ಕಣ್ಣು ಈಗ ಮಂಜು. ಆದರೂ ಅಮಾವಾಸ್ಯೆಗೆ ಪಡಸಾಲೆಗೆ ಹೋಗಿ, ಬಟ್ಟೆಯ ಹಿಂದೆ ಬೆರಳು ಆಡಿಸಿ ಗಂಟು ಹುಡುಕುತ್ತಾಳೆ.

ಆ ಹೊದಿಕೆ ಇವತ್ತಿಗೂ ಸಂಘದ ಕಪಾಟಿನಲ್ಲಿದೆ. ಬೆಳ್ಳಿ ಹಬ್ಬದ ದಿನ ಅದನ್ನೇ ಮೇಜಿಗೆ ಹಾಸಬೇಕೆಂದು, ಪ್ರತಿ ಮನೆಯಿಂದ ಒಬ್ಬ ಹೆಣ್ಣುಮಗಳು ಶೇರು ತಗೊಂಡು ಸದಸ್ಯಳಾಗಬೇಕೆಂದು ತಮ್ಮೆಲ್ಲರಲ್ಲಿ ಕೈಮುಗಿದು ಕೇಳುತ್ತೇವೆ. ಈ ಸಲ ಕೈ ಎತ್ತುವಾಗ ನಾವು ಮೊದಲಿಗರಾಗಿರುತ್ತೇವೆ.

ನಮ್ಮ ಸಂಘ ನೂರು ಕಾಲ ಬಾಳಲಿ. ಜೈ ಸಹಕಾರ.