ಆಗರದಲ್ಲಿ ಹರಳುಗಟ್ಟುವ ಕಡಲು

ಗೋಕರ್ಣದ ಬಳಿಯ ಸಾಣಿಕಟ್ಟಾ ಉಪ್ಪಿನ ಆಗರಗಳಿಗೆ ಅಘನಾಶಿನಿ ಅಳಿವೆಯ ಉಪ್ಪುನೀರೇ ಮೂಲ. ಒಂದು ಕಿಲೋ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣ ಕರಗಿರುತ್ತದೆ: ನೀರು ದ್ರಾವಕ, ಲವಣಗಳು ದ್ರಾವ್ಯ. ಬಟ್ಟೆಯಲ್ಲಿ ಎಷ್ಟು ಸೋಸಿದರೂ ಇವು ಬೇರೆಯಾಗವು. ಏಕೆಂದರೆ ಲವಣದ ಸೋಡಿಯಂ, ಕ್ಲೋರೈಡ್ ಅಯಾನುಗಳನ್ನು ನೀರಿನ ಅಣುಗಳು ಸುತ್ತುವರಿದಿರುತ್ತವೆ.

ಬಿಸಿಲಿಗೆ ಆವಿಯಾಗುವುದು ನೀರು ಮಾತ್ರ. ಕಡಲನೀರು ಸುಮಾರು ಹತ್ತನೇ ಒಂದು ಪಾಲಿಗೆ ಇಳಿದಾಗ ಅಡುಗೆ ಉಪ್ಪು ಹರಳುಗಟ್ಟತೊಡಗುತ್ತದೆ. ಆದರೆ ಎಲ್ಲ ಲವಣಗಳೂ ಒಟ್ಟಿಗೆ ಹೊರಬರುವುದಿಲ್ಲ, ಉಪ್ಪು ತೆಗೆಯುವವರ ಜಾಣ್ಮೆ ಬೇಕಾಗುವುದೇ ಇಲ್ಲಿ. ಸುಣ್ಣದ ಅಂಶ, ಜಿಪ್ಸಂ ಮೊದಲೇ ತಳ ಸೇರುತ್ತವೆ. ಕಹಿಯಾದ ಮೆಗ್ನೀಸಿಯಂ ಲವಣಗಳು ಕೊನೆಯವರೆಗೂ ನೀರಿನಲ್ಲೇ ಉಳಿಯುತ್ತವೆ. ಆ ನೀರನ್ನು ಸಕಾಲಕ್ಕೆ ಹೊರಬಿಡದಿದ್ದರೆ ಉಪ್ಪಿಗೂ ಕಹಿ ಸೇರುತ್ತದೆ.