ಕೆಂಪು ಚೌಕದಲ್ಲಿ ಒಂದು ನಡುಹಗಲು

1968ನೆಯ ಇಸವಿ ಆಗಸ್ಟ್ 21ರ ಬೆಳಗಿನ ಜಾವ. ಪ್ರಾಗ್ ನಗರದಲ್ಲಿ ನಿದ್ದೆಗೆಟ್ಟು ರೇಡಿಯೋ ಮುಂದೆ ಕುಳಿತಿದ್ದವರಿಗೆ ವಿಚಿತ್ರವಾದ ಅನುಭವವಾಯಿತು. ಎರಡು ಗಂಟೆಯ ಸುಮಾರಿಗೆ ಮುಖ್ಯ ಪ್ರಕಟಣೆಯೊಂದನ್ನು ಓದಲು ತೊಡಗಿದ ದನಿ ಒಂದೆರಡು ವಾಕ್ಯ ಮುಗಿಯುವುದರೊಳಗೆ ಕಡಿದುಹೋಯಿತು. ರೇಡಿಯೋ ಕೆಟ್ಟಿರಬೇಕೆಂದು ಎಷ್ಟೋ ಮಂದಿ ತಿರುಗಣೆಗಳನ್ನು ತಿರುವಿ ನೋಡಿರಬೇಕು. ಕೆಟ್ಟದ್ದು ರೇಡಿಯೋ ಅಲ್ಲ. ಆ ದೇಶದ ಸಂಪರ್ಕ ವ್ಯವಸ್ಥೆಯ ಮೇಲಧಿಕಾರಿ ಕಾರೆಲ್ ಹೋಫ್‌ಮನ್ ಎಂಬಾತ ಪ್ರಸಾರ ಯಂತ್ರಗಳನ್ನು ನಿಲ್ಲಿಸಿಬಿಡುವಂತೆ ಆಜ್ಞೆ ಮಾಡಿದ್ದ. ಹೊರದೇಶದ ಸೈನ್ಯಗಳು ಯಾರ ಅಪ್ಪಣೆಯೂ ಇಲ್ಲದೆ ಗಡಿ ದಾಟಿ ಬಂದಿವೆ, ಇದು ಅಂತರರಾಷ್ಟ್ರೀಯ ನ್ಯಾಯಕ್ಕೆ ವಿರುದ್ಧ ಎಂದು ಜೆಕೊಸ್ಲೊವಾಕಿಯಾದ ಆಳುವ ಪಕ್ಷವೇ ಹೊರಡಿಸಿದ ಪ್ರಕಟಣೆ ಅದು. ಸ್ವಲ್ಪ ಹೊತ್ತಿನಲ್ಲಿ ಬಾನುಲಿಯ ನೌಕರರು ಹಟತೊಟ್ಟು ಪ್ರಸಾರವನ್ನು ಮತ್ತೆ ಆರಂಭಿಸಿದರು; ಊರಿಗೆಲ್ಲ ಸುದ್ದಿ ಮುಟ್ಟಿತು.

ಆ ವಾರದ ವಾರ್ತೆಗಳನ್ನು ಆಕಾಶವಾಣಿಯಲ್ಲಿ ಕೇಳಿದ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ದುಬ್ಚೆಕ್ ಎಂಬ ಹೆಸರು ಅವರ ನೆನಪಿನಲ್ಲಿ ಇದ್ದೀತು. ಅಲೆಕ್ಸಾಂಡರ್ ದುಬ್ಚೆಕ್ ಅವರು ಆ ವರ್ಷದ ಜನವರಿಯಲ್ಲಿ ಪಕ್ಷದ ಮುಖ್ಯಸ್ಥರಾಗಿ, ಪತ್ರಿಕೆಗಳ ಮೇಲಿನ ಬಿಗಿಯನ್ನು ಸಡಿಲಿಸಿ, ಮಾನವೀಯ ಮುಖವುಳ್ಳ ಸಮಾಜವಾದವನ್ನು ಕಟ್ಟುತ್ತೇವೆಂದು ಹೊರಟಿದ್ದರು. ಅದು ಸೋವಿಯತ್ ನಾಯಕ ಲಿಯೊನಿದ್ ಬ್ರೆಜ್ನೆವ್ ಅವರಿಗೆ ಸರಿಬೀಳಲಿಲ್ಲ. ಕೊನೆಗೆ ಸೋವಿಯತ್ ಒಕ್ಕೂಟ, ಪೋಲೆಂಡ್, ಹಂಗೆರಿ, ಬಲ್ಗೇರಿಯಾಗಳ ಸೈನ್ಯಗಳು ಒಂದೇ ರಾತ್ರಿಯಲ್ಲಿ ಒಳನುಗ್ಗಿದವು. ಈ ಕಥೆ ಬಹುಮಟ್ಟಿಗೆ ತಿಳಿದದ್ದೇ. ನಾನು ಹೇಳಹೊರಟಿರುವುದು ಅದರ ಒಂದು ಮೂಲೆಯಲ್ಲಿ, ಮಾಸ್ಕೋ ನಗರದಲ್ಲಿ, ಕೆಲವೇ ನಿಮಿಷಗಳಲ್ಲಿ ನಡೆದು ಮುಗಿದ ಒಂದು ಸಂಗತಿಯನ್ನು. ಆದರೆ ಅದಕ್ಕೆ ಮೊದಲು ಬ್ರೆಜ್ನೆವ್ ಅವರು ಆ ರಾತ್ರಿ ಏನನ್ನು ನಂಬಿದ್ದರು ಎಂಬುದನ್ನು ನೀವು ತಿಳಿಯಬೇಕು.

ಸೈನ್ಯ ಹೋಗಿ ನಿಂತರೆ ಸಾಕು, ಪ್ರಾಗ್‌ನಲ್ಲಿರುವ ನಮ್ಮ ಕಡೆಯವರು ತಾವಾಗಿಯೇ ಸರಕಾರ ರಚಿಸುತ್ತಾರೆ, ಜನ ಸುಮ್ಮನಾಗುತ್ತಾರೆ ಎಂಬುದು ಅವರ ಲೆಕ್ಕ. ಈ ಲೆಕ್ಕಕ್ಕೆ ಆಧಾರವೂ ಇತ್ತು. ಆಗಸ್ಟ್ 3ರಂದು ಬ್ರಾತಿಸ್ಲಾವಾದಲ್ಲಿ ನಡೆದ ಸಭೆಯ ಹೊತ್ತಿನಲ್ಲಿ ಅವರಿಗೊಂದು ಗುಟ್ಟಿನ ಕಾಗದ ಬಂದಿತ್ತು. ವಾಸಿಲ್ ಬಿಲಾಕ್, ಅಲೋಯಿಸ್ ಇಂದ್ರಾ ಮೊದಲಾದ ಐದು ಮಂದಿ ಜೆಕೊಸ್ಲೊವಾಕ್ ಮುಖಂಡರು, ದಯಮಾಡಿ ಬಂದು ಕಾಪಾಡಿ ಎಂದು ರಷ್ಯನ್ ಭಾಷೆಯಲ್ಲಿ ಬರೆದು ಸಹಿ ಹಾಕಿದ್ದರು. ಅದು ಕೈ ಬದಲಾದದ್ದು ಒಂದು ಶೌಚಾಲಯದಲ್ಲಿ ಎಂದು, ಅದನ್ನು ಪಡೆದ ಸೋವಿಯತ್ ಮುಖಂಡ ಪ್ಯೋತರ್ ಶೆಲೆಸ್ತ್ ಅವರೇ ಮುಂದೆ ಬರೆದಿಟ್ಟಿದ್ದಾರೆ. ಪ್ರಾಗ್‌ನಲ್ಲಿದ್ದ ಸೋವಿಯತ್ ರಾಯಭಾರಿ ಚೆರ್ವೊನೆಂಕೊ ಕಳುಹಿಸಿದ ವರದಿಗಳ ಧಾಟಿಯೂ ಇದೇ: ನಮ್ಮವರು ಸಿದ್ಧರಾಗಿದ್ದಾರೆ. ಇದಕ್ಕೆ ವಿರುದ್ಧವಾದ ವರದಿಗಳ ಗತಿ ಏನಾಯಿತೆಂದು ಕೇಳುತ್ತೀರಾ? ಆಗ ಅಮೆರಿಕದಲ್ಲಿದ್ದ ಸೋವಿಯತ್ ಗೂಢಚಾರ ಓಲೆಗ್ ಕಲುಗಿನ್, ಪ್ರಾಗ್‌ನ ಚಳವಳಿಯ ಹಿಂದೆ ಅಮೆರಿಕದ ಕೈವಾಡವಿಲ್ಲವೆಂದು ತೋರಿಸುವ ದಾಖಲೆಗಳನ್ನು ತಾವು ಕಳುಹಿಸಿದ್ದಾಗಿಯೂ, ಅವುಗಳನ್ನು ನಾಶಮಾಡಲು ಮೇಲಿನಿಂದ ಆಜ್ಞೆಯಾದುದಾಗಿಯೂ ಬರೆದಿದ್ದಾರೆ.

ಹೌದಪ್ಪನ ಚಾವಡಿಯಲ್ಲಿ ಅಲ್ಲಪ್ಪನನ್ನು ಕೇಳುವವರು ಯಾರು? ಈ ಗಾದೆ ಕಟ್ಟಿದ ನಮ್ಮ ಹಳ್ಳಿಯವರು ಕ್ರೆಮ್ಲಿನ್ ಅರಮನೆಯನ್ನು ಕಂಡವರಲ್ಲ. (2022ರಲ್ಲಿ ಯುಕ್ರೇನ್ ದಂಡಯಾತ್ರೆಗೆ ಮೂರು ದಿನ ಮುಂಚೆ ಅದೇ ಅರಮನೆಯ ಸಭೆಯೊಂದನ್ನು ಟೆಲಿವಿಷನ್‌ನಲ್ಲಿ ತೋರಿಸಿದರು. ವಿದೇಶಿ ಗೂಢಚರ್ಯೆಯ ಮುಖ್ಯಸ್ಥರೇ ಪುತಿನ್ ಅವರ ಎದುರಿಗೆ ಪಾಠ ಒಪ್ಪಿಸಲಾರದ ಹುಡುಗನಂತೆ ತೊದಲುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.)

ಬ್ರೆಜ್ನೆವ್ ಅವರ ಲೆಕ್ಕ ಬೆಳಗಾಗುವುದರೊಳಗೆ ತಪ್ಪಿತು. ಪಕ್ಷದ ಅಧ್ಯಕ್ಷ ಮಂಡಲಿಯಲ್ಲಿ ದಾಳಿಯನ್ನು ಖಂಡಿಸುವ ಗೊತ್ತುವಳಿಗೆ ಏಳು ಮತಗಳು, ವಿರೋಧವಾಗಿ ನಾಲ್ಕೇ. ಕಾಗದ ಬರೆದವರಿಗೆ ಬಹುಮತ ಸಿಗಲಿಲ್ಲ; ಬಹಿರಂಗವಾಗಿ ಹೊರಬಂದು ಕರೆಸಿದವರು ನಾವೇ ಎನ್ನಲು ಅವರಿಗೆ ಎದೆಯೂ ಇರಲಿಲ್ಲ. ಮಾಸ್ಕೋದ ಅಧಿಕೃತ ಪ್ರಕಟಣೆ ಜೆಕೊಸ್ಲೊವಾಕ್ ಮುಖಂಡರ ಕೋರಿಕೆಯಂತೆ ಎಂದಿತೇ ಹೊರತು ಒಬ್ಬರ ಹೆಸರನ್ನೂ ಹೇಳಲಿಲ್ಲ. ದುಬ್ಚೆಕ್ ಅವರನ್ನು ಸೈನಿಕರು ಹಿಡಿದೊಯ್ದರು. ಆದರೆ ಹೊಸ ಸರಕಾರಕ್ಕೆ ಒಪ್ಪಿಗೆ ಕೊಡಬೇಕಾಗಿದ್ದ ರಾಷ್ಟ್ರಾಧ್ಯಕ್ಷ ಲುಡ್ವಿಕ್ ಸ್ವೊಬೋದಾ, ಎರಡನೆಯ ಮಹಾಯುದ್ಧದಲ್ಲಿ ಸೋವಿಯತ್ ಸೈನ್ಯದ ಜೊತೆ ನಿಂತು ಹೋರಾಡಿದ ಮುದಿ ಸೇನಾನಿ, ಆಗುವುದಿಲ್ಲ ಎಂದುಬಿಟ್ಟರು.

ಇನ್ನು ಬಾನುಲಿಯ ಮಾತು. ವಿನೊಹ್ರಾದಿ ಬಡಾವಣೆಯ ರೇಡಿಯೋ ಕಟ್ಟಡದ ಮುಂದೆ ಜನ ಬಸ್ಸುಗಳನ್ನೂ ಲಾರಿಗಳನ್ನೂ ಅಡ್ಡ ನಿಲ್ಲಿಸಿ ಬರಿಗೈಯಲ್ಲಿ ಟ್ಯಾಂಕುಗಳನ್ನು ತಡೆಯಲು ನೋಡಿದರು. ಅಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಕಟ್ಟಡ ಸೈನಿಕರ ವಶವಾಯಿತು, ಪ್ರಸಾರ ಮಾತ್ರ ವಶವಾಗಲಿಲ್ಲ. ಬೇರೆ ಬೇರೆ ಗುಟ್ಟಿನ ಸ್ಥಳಗಳಿಂದ, ಊರೂರಿನ ನಿಲಯಗಳಿಂದ, ಒಂದು ನಿಂತರೆ ಮತ್ತೊಂದರಂತೆ, ಅದು ದಿನಗಟ್ಟಲೆ ಮಾತಾಡುತ್ತಲೇ ಇತ್ತು. ಬೀದಿಯ ಹೆಸರಿನ ಹಲಗೆಗಳನ್ನೂ ಮನೆಯ ನಂಬರುಗಳನ್ನೂ ಕಿತ್ತುಹಾಕಿರಿ ಎಂದು ರೇಡಿಯೋ ಹೇಳಿತು, ಜನ ಕಿತ್ತರು. ಬಂದ ಸೈನ್ಯಕ್ಕೆ ಯಾರ ಮನೆ ಎಲ್ಲಿ ಎಂಬುದು ತಿಳಿಯದಂತಾಯಿತು. ಶಾಲೆಯಲ್ಲಿ ರಷ್ಯನ್ ಕಲಿತಿದ್ದ ಹುಡುಗ ಹುಡುಗಿಯರು ಟ್ಯಾಂಕು ಹತ್ತಿ, ಯಾಕೆ ಬಂದಿರಿ, ಯಾರು ಕರೆದರು ಎಂದು ಸೈನಿಕರನ್ನೇ ಕೇಳಿದರು. ಆ ಸೈನಿಕರ ಬಳಿ ಉತ್ತರವಿರಲಿಲ್ಲ; ಅವರೂ ಇಪ್ಪತ್ತು ವರ್ಷದ ಹುಡುಗರೇ.

ಈಗ ಮಾಸ್ಕೋಗೆ ಬನ್ನಿ. ಅಲ್ಲಿಯ ಮನೆಗಳಲ್ಲಿ ಪರದೇಶದ ವಾರ್ತೆ ಕೇಳಲು ಕುಳಿತವರಿಗೆ ಆ ವಾರ ಗುರುಗುರು ಸದ್ದಲ್ಲದೆ ಬೇರೇನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. 1963ರಲ್ಲಿ ಕೈಬಿಟ್ಟಿದ್ದ ಬಾನುಲಿ ಅಡಚಣೆಯನ್ನು ದಾಳಿಯೊಡನೆ ಮತ್ತೆ ಆರಂಭಿಸಿದ್ದರು. ಕಾರ್ಖಾನೆ, ಕಛೇರಿಗಳಲ್ಲಿ ಸಭೆ ಕರೆದು ದಾಳಿಗೆ ಬೆಂಬಲದ ಗೊತ್ತುವಳಿ ಮಂಡಿಸುವುದು, ಎಲ್ಲರೂ ಕೈ ಎತ್ತುವುದು, ಮರುದಿನ ಸರ್ವಾನುಮತವೆಂದು ಪತ್ರಿಕೆಯಲ್ಲಿ ಬರುವುದು ಹೀಗೆ ನಡೆಯಿತು. ಆಳುವವರು ತಾವೇ ಬರೆಸಿದ್ದನ್ನು ತಾವೇ ಓದಿ ಜನಾಭಿಪ್ರಾಯವೆಂದು ಕರೆದುಕೊಂಡರು.

ಇದರ ನಡುವೆ ಅನತೋಲಿ ಮಾರ್ಚೆಂಕೊ ಎಂಬೊಬ್ಬರಿದ್ದರು. ಶಾಲೆಯ ಓದು ಹೆಚ್ಚಿಲ್ಲದ ಕೂಲಿಗಾರ; ಸೆರೆಮನೆಗಳನ್ನು ಕಂಡು ಬಂದವರು. ಜುಲೈ ತಿಂಗಳಿನಲ್ಲಿಯೇ ಅವರು ಜೆಕೊಸ್ಲೊವಾಕ್ ಪತ್ರಿಕೆಗಳಿಗೆ ಬಹಿರಂಗ ಪತ್ರವೊಂದನ್ನು ಬರೆದು, ನಮ್ಮ ನಾಯಕರು ನಿಮ್ಮ ಮೇಲೆ ಕೈಮಾಡಬಹುದೆಂಬ ಅಂಜಿಕೆಯನ್ನು ಹೇಳಿದ್ದರು. ಕೆಲವೇ ದಿನಗಳಲ್ಲಿ ಅವರನ್ನು ಹಿಡಿದರು. ಆರೋಪ ಈ ಪತ್ರದ್ದಲ್ಲ. ವಾಸಸ್ಥಳದ ಗುರುತುಚೀಟಿಯ ನಿಯಮ ಮೀರಿದ್ದೆಂದು! ಒಂದು ವರ್ಷದ ಸಜೆ ಆಯಿತು. ತೀರ್ಪು ಬಂದ ದಿನ ಯಾವುದು ಬಲ್ಲಿರಾ? ಆಗಸ್ಟ್ 21. ದಾಳಿ ನಡೆದೀತೆಂದು ಹೇಳಿದವನನ್ನು, ದಾಳಿ ನಡೆದ ದಿನವೇ ಸೆರೆಗೆ ಕಳುಹಿಸಿದರು.

ನಾಲ್ಕು ದಿನ ಕಳೆದು ಆಗಸ್ಟ್ 25, ಭಾನುವಾರ. ಕೆಂಪು ಚೌಕದಲ್ಲಿ ಲೋಬ್ನೊಯೆ ಮ್ಯೆಸ್ತೊ ಎಂಬ ಹಳೆಯ ಕಲ್ಲಿನ ಕಟ್ಟೆಯಿದೆ; ಹಿಂದೆ ಜಾರ್ ದೊರೆಗಳ ಆಜ್ಞೆಗಳನ್ನು ಅಲ್ಲಿಂದ ಸಾರುತ್ತಿದ್ದರು. ಗಡಿಯಾರ ಹನ್ನೆರಡು ಹೊಡೆಯುವಾಗ ಎಂಟು ಜನ ಆ ಕಟ್ಟೆಯ ಬಳಿ ಕುಳಿತು ಬಟ್ಟೆಯ ಫಲಕಗಳನ್ನು ಬಿಚ್ಚಿದರು. ಭಾಷಾಶಾಸ್ತ್ರ ಬಲ್ಲ ಲಾರಿಸಾ ಬೊಗೊರಾಜ್ ಮತ್ತು ಕೊನ್‌ಸ್ತಾಂತಿನ್ ಬಬೀತ್ಸ್‌ಕಿ. ಭೌತಶಾಸ್ತ್ರಜ್ಞ ಪಾವೆಲ್ ಲಿತ್ವಿನೋವ್ (ಸ್ತಾಲಿನ್ ಕಾಲದ ವಿದೇಶಾಂಗ ಮಂತ್ರಿಯ ಮೊಮ್ಮಗ). ಕವಿ ವದೀಮ್ ದೆಲೋನೆ. ಕಾರ್ಮಿಕ ವ್ಲದೀಮಿರ್ ದ್ರೆಮ್ಲ್ಯೂಗ. ಲೆನಿನ್‌ಗ್ರಾದ್‌ನಿಂದ ಬಂದ ವಿಕ್ತೊರ್ ಫೈನ್‌ಬರ್ಗ್. 21 ವರ್ಷದ ವಿದ್ಯಾರ್ಥಿನಿ ತತ್ಯಾನಾ ಬಾಯೆವಾ. ಮತ್ತು ಕವಯಿತ್ರಿ ನತಾಲ್ಯ ಗೊರ್ಬನೆವ್‌ಸ್ಕಯಾ. ಈಕೆಯ ಕೈಯಲ್ಲಿ ತಳ್ಳುಗಾಡಿ, ಅದರಲ್ಲಿ ಮೂರು ತಿಂಗಳ ಮಗು. ಫಲಕಗಳೂ ಒಂದು ಪುಟ್ಟ ಜೆಕೊಸ್ಲೊವಾಕ್ ಬಾವುಟವೂ ಬಂದದ್ದು ಆ ಗಾಡಿಯಲ್ಲೇ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲದೆ ಸಂತೆಗೆ ಎತ್ತಿಕೊಂಡು ಹೋಗುವ ತಾಯಂದಿರನ್ನು ನೀವು ಕಂಡಿದ್ದೀರಿ. ಕೂಸಿನೊಡನೆ ಇಂಥ ಕಡೆಗೆ ಹೊರಟವಳನ್ನು ಏನೆನ್ನಬೇಕೋ ನನಗಂತೂ ತೋಚುವುದಿಲ್ಲ. ಮೆಚ್ಚುಗೆಯ ಜೊತೆಗೆ ಎದೆ ಝಲ್ಲೆನ್ನುತ್ತದೆ.

ಒಂದು ಫಲಕ ಜೆಕ್ ಭಾಷೆಯಲ್ಲಿತ್ತು. ಮತ್ತೊಂದರಲ್ಲಿ ಆಕ್ರಮಣಕಾರರಿಗೆ ಧಿಕ್ಕಾರ; ಇನ್ನೊಂದರಲ್ಲಿ, ನಿಮ್ಮ ಮತ್ತು ನಮ್ಮ ಸ್ವಾತಂತ್ರ್ಯಕ್ಕಾಗಿ ಎಂದು. ಈ ಕೊನೆಯ ಘೋಷಣೆ 1831ರಲ್ಲಿ ಜಾರ್ ದೊರೆಯ ವಿರುದ್ಧ ದಂಗೆಯೆದ್ದ ಪೋಲಿಷ್ ಜನರದು. ರಷ್ಯನ್ನರ ಕೈಯಲ್ಲಿ ಅದು ಹೊಸ ಅರ್ಥ ಪಡೆಯಿತು: ಪ್ರಾಗ್‌ನ ಬೀದಿಯಲ್ಲಿ ಕಟ್ಟುವ ಬಾಯಿ ನಮ್ಮದೂ ಹೌದು.

ಕೆಲವೇ ನಿಮಿಷ. ಸಿಳ್ಳು ಕೇಳಿಸಿತು, ಸಾದಾ ಉಡುಪಿನ ಪೊಲೀಸರು ಚೌಕದ ನಾನಾ ಕಡೆಯಿಂದ ಓಡಿಬಂದು ಫಲಕಗಳನ್ನು ಹರಿದು, ಬಾವುಟ ಮುರಿದು, ಅಲ್ಲಿದ್ದವರಲ್ಲಿ ಕೆಲವರನ್ನು ಥಳಿಸಿದರು. ಫೈನ್‌ಬರ್ಗ್ ಅವರ ಮುಂದಿನ ಹಲ್ಲುಗಳು ಉದುರಿದವು. ಎಲ್ಲರನ್ನೂ ಕಾರುಗಳಲ್ಲಿ ತುಂಬಿ ಒಯ್ದರು. ಅದೇ ಗಳಿಗೆಯಲ್ಲಿ, ಕೆಂಪು ಗೋಡೆಯ ಆಚೆಗೆ, ಹಿಡಿದು ತಂದ ದುಬ್ಚೆಕ್ ಅವರನ್ನೂ ಅವರ ಸಂಗಡಿಗರನ್ನೂ ಕೂಡಿಸಿಕೊಂಡು ಒಪ್ಪಂದಕ್ಕೆ ಸಹಿ ಹಾಕಿಸುವ ಮಾತುಕತೆ ನಡೆಯುತ್ತಿತ್ತು. ಮರುದಿನ ಸಹಿಯಾಯಿತು; ಫ್ರಾಂತಿಶೆಕ್ ಕ್ರೀಗೆಲ್ ಎಂಬ ವೈದ್ಯರೊಬ್ಬರು ಮಾತ್ರ ಹಾಕಲಿಲ್ಲ.

ಬಾಯೆವಾ ಅಕಸ್ಮಾತ್ತಾಗಿ ಅಲ್ಲಿದ್ದಳೆಂದು ಹೇಳಿ ಉಳಿದವರು ಆಕೆಯನ್ನು ಉಳಿಸಿದರು. ಹಸುಗೂಸಿನ ತಾಯಿಯನ್ನು ಸದ್ಯಕ್ಕೆ ಬಿಟ್ಟರು. ಹಲ್ಲಿಲ್ಲದ ಬಾಯಿಯನ್ನು ನ್ಯಾಯಾಲಯದಲ್ಲಿ ತೋರಿಸುವಂತಿರಲಿಲ್ಲ. ಫೈನ್‌ಬರ್ಗ್ ಅವರನ್ನು ಹುಚ್ಚನೆಂದು ಮನೋರೋಗದ ಆಸ್ಪತ್ರೆಗೆ ನೂಕಿದರು. ಮಿಕ್ಕ ಐವರ ವಿಚಾರಣೆ ಅಕ್ಟೋಬರ್ 9ರಿಂದ 11ರವರೆಗೆ ನಡೆಯಿತು. ಆರೋಪಗಳಲ್ಲಿ ಒಂದು, ವಾಹನ ಸಂಚಾರಕ್ಕೆ ಅಡ್ಡಿಮಾಡಿದ್ದು! ವಕೀಲರು, ಆ ದೇಶದಲ್ಲಿ ಅಪರೂಪವಾದ ಧೈರ್ಯದಿಂದ, ಅಪರಾಧವೇ ನಡೆದಿಲ್ಲ, ಬಿಡುಗಡೆ ಮಾಡಿ ಎಂದು ವಾದಿಸಿದರು. ಬೊಗೊರಾಜ್ ತಮ್ಮ ಸರದಿ ಬಂದಾಗ ಹೇಳಿದ್ದರ ಸಾರ ಇಷ್ಟು: ಸುಮ್ಮನಿದ್ದರೆ ಒಪ್ಪಿದಂತಾಗುತ್ತಿತ್ತು, ನಾನು ಒಪ್ಪಿಲ್ಲದ್ದರಿಂದ ಸುಮ್ಮನಿರುವುದು ನನ್ನ ಮಟ್ಟಿಗೆ ಸುಳ್ಳಾಗುತ್ತಿತ್ತು. ಲಿತ್ವಿನೋವ್‌ಗೆ 5 ವರ್ಷ, ಬೊಗೊರಾಜ್‌ಗೆ 4 ವರ್ಷ, ಬಬೀತ್ಸ್‌ಕಿಗೆ 3 ವರ್ಷ ಗಡೀಪಾರು; ದ್ರೆಮ್ಲ್ಯೂಗಗೆ 3 ವರ್ಷ, ದೆಲೋನೆಗೆ 2 ವರ್ಷ 10 ತಿಂಗಳು ದುಡಿಮೆ ಶಿಬಿರ. ಇದನ್ನೆಲ್ಲ ಸಂಗ್ರಹಿಸಿ ಗೊರ್ಬನೆವ್‌ಸ್ಕಯಾ ಪುಸ್ತಕ ಮಾಡಿದರು. 1969ರ ಡಿಸೆಂಬರಿನಲ್ಲಿ ಆಕೆಯನ್ನೂ ಹಿಡಿದು ಮನೋರೋಗದ ಆಸ್ಪತ್ರೆಯ ಬಂಧನಕ್ಕೆ ಕಳುಹಿಸಿದರು. ಹೊರಬಂದದ್ದು 1972ರಲ್ಲಿ.

ನೀವು ಕೇಳಬಹುದು: ಬ್ರೆಜ್ನೆವ್ ಅವರ ಎಣಿಕೆ ನಿಜವಾಗಿ ತಪ್ಪಿತೇ? ಅವರು ಬಯಸಿದ್ದು ಕೈಗೂಡಲಿಲ್ಲವೇ? ನ್ಯಾಯವಾದ ಪ್ರಶ್ನೆ. 1969ರ ಏಪ್ರಿಲಿನಲ್ಲಿ ದುಬ್ಚೆಕ್ ಸ್ಥಾನಕ್ಕೆ ಹೇಳಿದಂತೆ ಕೇಳುವವರು ಬಂದರು. ಸೈನ್ಯ 1991ರವರೆಗೂ ಅಲ್ಲಿಯೇ ಬೀಡುಬಿಟ್ಟಿತ್ತು. ಬ್ರೆಜ್ನೆವ್ ಸಾಯುವತನಕ ಗದ್ದುಗೆಯ ಮೇಲೆಯೇ ಇದ್ದರು. ಬಲದ ಲೆಕ್ಕದಲ್ಲಿ ಅವರೇ ಗೆದ್ದವರು. ಆದರೆ ಆ ದೇಶದ ಜನ ಏನೆನ್ನುತ್ತಾರೆ ಎಂಬ ಲೆಕ್ಕದಲ್ಲಿ, ರಾಯಭಾರಿ, ಗೂಢಚಾರ, ಗುಟ್ಟಿನ ಕಾಗದ ಎಲ್ಲವೂ ಇದ್ದವರು ಎಡವಿದರು. ಗುರುಗುಟ್ಟುವ ರೇಡಿಯೋ ಮಾತ್ರವಿದ್ದ ಎಂಟು ಮಂದಿ ಸರಿಯಾಗಿ ಹೇಳಿದರು. ಆ ತಪ್ಪಿಗೆ ಬೆಲೆ ತೆತ್ತವರು ಬೇರೆಯವರು: 1968ರ ಕೊನೆಯೊಳಗೆ ಆ ದೇಶದ 137 ಮಂದಿ ಪ್ರಾಣ ಕಳೆದುಕೊಂಡರೆಂದು ಈಚಿನ ಸಂಶೋಧಕರು ಎಣಿಸಿದ್ದಾರೆ.

ನಮ್ಮ ದೇಶದ ಪಾಲನ್ನೂ ಮರೆಮಾಡಬಾರದು. ಭದ್ರತಾ ಸಮಿತಿಯಲ್ಲಿ ಖಂಡನೆಯ ಗೊತ್ತುವಳಿ ಮತಕ್ಕೆ ಬಂದಾಗ ಭಾರತ ಯಾರ ಕಡೆಗೂ ಮತ ಕೊಡದೆ ತಟಸ್ಥವಾಗಿ ಉಳಿಯಿತು. ಸರಕಾರದ ಈ ನಿಲುವನ್ನು ಒಪ್ಪದ ಕೇಂದ್ರ ಸಚಿವ ಅಶೋಕ ಮೆಹ್ತಾ ರಾಜೀನಾಮೆ ಕೊಟ್ಟು ಹೊರಬಂದರು. ಅವರನ್ನು ಯಾರೂ ಗಡೀಪಾರು ಮಾಡಲಿಲ್ಲ.

1989ರ ಡಿಸೆಂಬರಿನಲ್ಲಿ ದಾಳಿ ತಪ್ಪಾಗಿತ್ತೆಂದು ಮಾಸ್ಕೋ ತಾನೇ ಒಪ್ಪಿಕೊಂಡಿತು. ಅದನ್ನು ಕೇಳಲು ಮಾರ್ಚೆಂಕೊ ಇರಲಿಲ್ಲ. 1986ರಲ್ಲಿ ಸೆರೆಯಲ್ಲೇ ತೀರಿಕೊಂಡಿದ್ದರು. ಅನುಮತಿಯಿಲ್ಲದೆ ತೆರೆಯಕೂಡದೆಂಬ ಷರಾ ಬರೆದು ಮೊಹರು ಮಾಡಿದ್ದ ಆ ಐವರ ಕಾಗದ 1992ರಲ್ಲಿ ಹೊರಬಿತ್ತು. ರಷ್ಯದ ಅಧ್ಯಕ್ಷ ಯೆಲ್ತ್ಸಿನ್ ಅದರ ಪ್ರತಿಯನ್ನು ಜೆಕೊಸ್ಲೊವಾಕ್ ಅಧ್ಯಕ್ಷ ಹಾವೆಲ್ ಅವರಿಗೆ ಕೊಟ್ಟರು. 2013ರ ಆಗಸ್ಟ್ 25ರಂದು, 77 ವರ್ಷದ ಗೊರ್ಬನೆವ್‌ಸ್ಕಯಾ ಕೆಲವು ಕಿರಿಯರೊಡನೆ ಅದೇ ಕಲ್ಲಿನ ಕಟ್ಟೆಯ ಬಳಿಗೆ ಬಂದು, ನಿಮ್ಮ ಮತ್ತು ನಮ್ಮ ಸ್ವಾತಂತ್ರ್ಯಕ್ಕಾಗಿ ಎಂಬ ಅದೇ ಫಲಕವನ್ನು ಬಿಚ್ಚಿದರು. ಅನುಮತಿ ಪಡೆದಿಲ್ಲವೆಂದು ಪೊಲೀಸರು ಜೊತೆಗೆ ಬಂದಿದ್ದವರನ್ನು ಹಿಡಿದೊಯ್ದರು. ಅದೇ ನವೆಂಬರಿನಲ್ಲಿ ಆಕೆ ತೀರಿಕೊಂಡರು.